ಜಿಂಕೆ ಬೇಟೆಯಲ್ಲಿ ಅರ್ಧ ಕೆಲಸ ಕೊಡಲಿಯದು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ ಕೊನೆಗೆ ಬಂದೂಕಿನ ಜಿಂಕೆ ಬೇಟೆ ಶುರುವಾಗುತ್ತದೆ. ಹಳ್ಳಿ ಕಡೆ ಎಷ್ಟೋ ಶಾಲೆಗಳಿಗೆ ಆಗ ರಜೆ. ಬರಿಗೈಲಿ ವಾಪಸ್ ಬಂದವರ ದೂರು ಒಂದೇ: ಮೊದಲಿನ ಹಾಗೆ ಜಿಂಕೆಗಳಿಲ್ಲ, ಎಲ್ಲಾ ಸರ್ಕಾರದ ತಪ್ಪು. ಬೈಯೋಕೆ ಮುಂಚೆ ಒಮ್ಮೆ ತಲೆ ಎತ್ತಿ ಮರಗಳನ್ನು ನೋಡಿ ಅಂತ ನನಗನಿಸುತ್ತದೆ.

ಅಲ್ಲಿಯ ಬಿಳಿಬಾಲದ ಜಿಂಕೆ ಹೆಚ್ಚಾಗಿ ತಿನ್ನುವುದು ಚಿಗುರು, ಎಲೆ, ಎಳೆ ಕಡ್ಡಿ, ಮೆತ್ತನೆಯ ಗಿಡ. ಅದರ ಬಾಯಿ ಎಟಕುವುದು ಐದಾರು ಅಡಿವರೆಗೆ ಮಾತ್ರ. ದೊಡ್ಡ ಮರಗಳ ದಟ್ಟ ಕಾಡಲ್ಲಿ ನೆಲಕ್ಕೆ ಬಿಸಿಲು ಬೀಳಲ್ಲ, ಚಿಗುರೂ ಇರಲ್ಲ. ನಮಗೆ ನೋಡೋಕೆ ಚೆಂದ, ಜಿಂಕೆಗೆ ಅದು ಖಾಲಿ ಉಗ್ರಾಣ. (ನಮ್ಮ ಜಿಂಕೆಗೆ ಹುಲ್ಲು ಜಾಸ್ತಿ ಇಷ್ಟ, ಆದರೂ ನಾಗರಹೊಳೆಯ ಹಡ್ಲು ಅನ್ನುವ ಹುಲ್ಲುಬಯಲುಗಳಲ್ಲಿ ಹಿಂಡು ಹಿಂಡಾಗಿ ಕಾಣುವುದು ಮಲೆನಾಡಿನ ಕತ್ತಲೆ ಕಾಡಲ್ಲಿ ಕಾಣಲ್ಲ, ಅಲ್ವಾ?)

ಪೆನ್ಸಿಲ್ವೇನಿಯಾದ ಕಥೆ ಸ್ವಲ್ಪ ವಿಚಿತ್ರ. 19ನೇ ಶತಮಾನದ ಕೊನೆಗೆ ಮರದ ದಿಮ್ಮಿಗೆ, ಚರ್ಮ ಹದ ಮಾಡಲು ಬೇಕಾದ ಹೆಮ್ಲಾಕ್ ಮರದ ತೊಗಟೆಗೆ ಅಂತ ಬೆಟ್ಟಗಳನ್ನೇ ಬೋಳಿಸಿದರು. ಮಾಂಸದ ವ್ಯಾಪಾರಕ್ಕೆ ಕೊಂದೂ ಕೊಂದೂ ಜಿಂಕೆ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. 1895ರಲ್ಲಿ ಬೇಟೆಯ ಉಸ್ತುವಾರಿಗೆ ಅಂತ ರಾಜ್ಯದ ಬೇಟೆ ಆಯೋಗ ಬಂತು, 1906ರಿಂದ ಬೇರೆ ರಾಜ್ಯಗಳಿಂದ ಜಿಂಕೆ ತಂದು ಬಿಟ್ಟರು, 1907ರಲ್ಲಿ ಹೆಣ್ಣು ಜಿಂಕೆ ಹೊಡೆಯಬಾರದು ಅಂತ ಕಾನೂನು ಮಾಡಿದರು. ಅದೇ ಹೊತ್ತಿಗೆ ಬೋಳು ಬೆಟ್ಟಗಳಲ್ಲಿ ಹೊಸ ಗಿಡಗಳು ಚಿಗುರುತ್ತಿದ್ದವು. ಬಾಯಿ ಮಟ್ಟದಲ್ಲೇ ಊಟ, ಹೆಣ್ಣನ್ನು ಹೊಡೆಯುವವರಿಲ್ಲ, ಜಿಂಕೆ ಹೆಚ್ಚದೆ ಇನ್ನೇನಾದೀತು?

ಆದರೆ ಗಿಡ ಗಿಡವಾಗಿಯೇ ಇರಲ್ಲವಲ್ಲ. ಮರಗಳು ಮೇಲೆದ್ದು ನೆರಳು ಕವಿಯಿತು, ಊಟ ಬಾಯಿಗೆ ಸಿಗದಷ್ಟು ಎತ್ತರಕ್ಕೆ ಹೋಯಿತು, ಜಿಂಕೆಗಳು ಮಾತ್ರ ಅಷ್ಟೇ ಇದ್ದವು. ಓಕ್, ಮೇಪಲ್ ಸಸಿ ಎದ್ದಲ್ಲೇ ಖಾಲಿ. ಉಳಿದದ್ದು ಜಿಂಕೆ ಮೂಸದ ಜರಿಗಿಡ. ಅದು ನೆಲ ಪೂರ್ತಿ ಹಬ್ಬಿದರೆ, ಜಿಂಕೆ ಕಡಿಮೆಯಾದ ಮೇಲೂ ಬೇರೆ ಸಸಿ ಮೇಲೇಳೋಕೆ ಬಿಡಲ್ಲ. 1980ರ ದಶಕದಲ್ಲಿ ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿಗಳು ಇಲ್ಲೇ ಬೇಲಿ ಹಾಕಿ, ಒಂದೊಂದು ಕಡೆ ಒಂದೊಂದು ಸಂಖ್ಯೆಯಲ್ಲಿ ಜಿಂಕೆ ಬಿಟ್ಟು ನೋಡಿದರು. ಚದರ ಮೈಲಿಗೆ ಸುಮಾರು 20 ದಾಟಿದರೆ ಗಿಡಗಳ ಬಗೆ ಕಡಿಮೆಯಾಗುತ್ತಿತ್ತು, ಕಾಡಿನ ಹಕ್ಕಿಗಳೂ ಕಡಿಮೆಯಾಗುತ್ತಿದ್ದವು.

ಬೇಟೆಗಾರನಿಗೂ ಲಾಭ ಇಲ್ಲ. ಹೊಟ್ಟೆಗಿಲ್ಲದ ಗಂಡಿಗೆ ಕೊಂಬು ಸಣ್ಣ. ಚೆನ್ನಾಗಿ ತಿಂದ ತಾಯಿ ಅವಳಿ ಮರಿ ಹಾಕಿದರೆ, ಬಡಕಲು ತಾಯಿಗೆ ಒಂದೇ ಮರಿ. ಅದಕ್ಕೇ 2002ರ ಆಸುಪಾಸಿನಲ್ಲಿ ನಿಯಮ ಬದಲಾಯಿತು: ಎಳೆ ಗಂಡುಗಳನ್ನು ಬಿಡಿ, ಹೆಣ್ಣುಗಳನ್ನು ಜಾಸ್ತಿ ಹೊಡೆಯಿರಿ. ಅದಕ್ಕೆ ಬೇಟೆಗಾರರಿಗೆ ಬಂದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ.

ಬೇಟೆಯಲ್ಲಿ ವರ್ಷದಿಂದ ವರ್ಷಕ್ಕೆ ಆಗುವ ಏರುಪೇರಿಗೆ ಓಕ್ ಕಾಯಿಯೂ ಕಾರಣ. ಕಾಯಿ ಸುರಿದ ವರ್ಷ ಜಿಂಕೆ ಕಾಡೊಳಗೇ ತಿಂದುಕೊಂಡಿರುತ್ತದೆ, ಹೊಲದಂಚಲ್ಲಿ ಕಾದು ಕೂತವನಿಗೆ ಏನೂ ಕಾಣಲ್ಲ.

ಸ್ವಂತ ಜಮೀನಿರುವ ಅನೇಕರು ಅಟ್ಟಣೆ ಮುಂದೆ ಒಂದು ಪಟ್ಟಿ ಕ್ಲೋವರ್ ಅನ್ನುವ ಮೇವಿನ ಗಿಡ ಬಿತ್ತುತ್ತಾರೆ. ನನಗೆ ಅದು ಸುಮ್ನೆ ಅರ್ಧ ಕೆಲಸ ಅನಿಸುತ್ತದೆ. ಹತ್ತಿರದಲ್ಲಿ ಅಡಗೋಕೆ ಪೊದೆ ಇಲ್ಲದಿದ್ದರೆ ದೊಡ್ಡ ಗಂಡು ರಾತ್ರಿ ಬಂದು ಮೇಯ್ದು ಬೆಳಗಾಗುವಷ್ಟರಲ್ಲಿ ಮಾಯ. ಅದಕ್ಕಿಂತ ಕಾಯಿ ಬಿಡುವ ಓಕ್‌ಗಳನ್ನು ಉಳಿಸಿ, ಅಲ್ಲಲ್ಲಿ ಸೊಟ್ಟ ಮರಗಳನ್ನು ಕಡಿದು ಬಿಸಿಲು ಬಿಡುವುದು, ಕೊಂಬೆಗಳನ್ನು ಬಿದ್ದಲ್ಲೇ ಬಿಡುವುದು ಒಳ್ಳೆಯದು. ಒಂದು ಮೂಲೆಗೆ ಯಾರೂ ಕಾಲಿಡಬಾರದು, ಮಾಲೀಕನೂ. ಕಡಿದ ಜಾಗದ ಊಟ ಸುಮಾರು ಹತ್ತು ವರ್ಷ ಬಾಳುತ್ತದೆ, ಹಾಗಾಗಿ ಎಲ್ಲಾ ಒಟ್ಟಿಗೆ ಕಡಿಯದೆ ಸ್ವಲ್ಪ ಸ್ವಲ್ಪವಾಗಿ ಕಡಿಯುತ್ತಾ ಹೋಗಬೇಕು.

ಬೇಟೆ ಆಯೋಗವೂ ಈಗ ಬರೀ ಜಿಂಕೆ ಲೆಕ್ಕದ ಮೇಲೆ ಹೋಗಲ್ಲ. ಕಾಡಲ್ಲಿ ಸಸಿಗಳು ಎಷ್ಟು ಮೇಲೇಳುತ್ತಿವೆ ಅನ್ನುವುದನ್ನೂ ನೋಡಿಯೇ, ಯಾವ ವಲಯಕ್ಕೆ ಹೆಣ್ಣು ಜಿಂಕೆಯ ಎಷ್ಟು ಲೈಸೆನ್ಸ್ ಅಂತ ತೀರ್ಮಾನಿಸುತ್ತದೆ.