ಆರ್‌ಆರ್ ಯೂನಿಟ್ ಅಂದ್ರೆ ಏನು? ಮನೆಯಲ್ಲೇ ಬದಲಾಯಿಸಬಹುದಾ?

ಬೈಕಿಗೆ ಹೊಸ ಬ್ಯಾಟರಿ ಹಾಕಿಸಿ ಜಾಸ್ತಿ ದಿನ ಆಗಿರಲ್ಲ, ಆಗಲೇ ಸೆಲ್ಫ್ ಎತ್ತಲ್ಲ. ಬ್ಯಾಟರಿ ಅಂಗಡಿಯವರು ನಮ್ಮ ಮಾಲಲ್ಲಿ ದೋಷ ಇಲ್ಲ ಅಂತಾರೆ. ಮೆಕ್ಯಾನಿಕ್ ಮೀಟರ್ ಇಟ್ಟು ನೋಡಿ, "ಆರ್‌ಆರ್ ಹೋಗಿದೆ" ಅಂತಾರೆ. ಬಹಳ ಜನ ಈ ಪದ ಕೇಳೋದೇ ಆವಾಗ.

ರೆಗ್ಯುಲೇಟರ್, ರೆಕ್ಟಿಫೈಯರ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಸೇರಿಸಿದರೆ ಅದೇ ಆರ್‌ಆರ್ ಯೂನಿಟ್. ಅಂಗೈಯಷ್ಟು ದೊಡ್ಡದು, ಮೈತುಂಬ ಅಲ್ಯೂಮಿನಿಯಂ ರೆಕ್ಕೆಗಳು. ಸೀಟಿನ ಕೆಳಗೋ ಚಾಸಿಗೆ ಅಂಟಿಕೊಂಡೋ ಇರುತ್ತದೆ.

ಎಂಜಿನ್ ಕವರ್ ಒಳಗೆ ಮ್ಯಾಗ್ನೆಟ್ ತಿರುಗುತ್ತದೆ, ಅದರ ನಡುವೆ ಕಾಯಿಲ್ ಪ್ಲೇಟ್, ಅಂದರೆ ಸ್ಟೇಟರ್, ಅಲ್ಲಾಡದೆ ಕೂತಿರುತ್ತದೆ. ಕಾಯಿಲ್‌ನಿಂದ ಬರುವುದು ಎಸಿ ಕರೆಂಟ್, ಬ್ಯಾಟರಿಗೆ ಬೇಕಾದದ್ದು ಡಿಸಿ. ಈ ಬದಲಾವಣೆ ರೆಕ್ಟಿಫೈಯರ್ ಕೆಲಸ. ಇನ್ನೊಂದು ತೊಂದರೆ ಇದೆ. ಆಕ್ಸಲರೇಟರ್ ಕೊಟ್ಟಷ್ಟೂ ಕಾಯಿಲ್ ವೋಲ್ಟೇಜ್ ಏರುತ್ತದೆ. ಕಾಯಿಲ್ ವೈರುಗಳನ್ನು ಆರ್‌ಆರ್‌ಗೆ ಸಿಕ್ಕಿಸುವ ಕಪ್ಲರ್ ಬಿಚ್ಚಿ 5000 ಆರ್‌ಪಿಎಂನಲ್ಲಿ ಅಳೆದರೆ ಎಷ್ಟೋ ಬೈಕುಗಳಲ್ಲಿ 50 ವೋಲ್ಟ್ ದಾಟುತ್ತದೆ. ಅದನ್ನು ಹಾಗೇ ಬಿಟ್ಟರೆ 12 ವೋಲ್ಟಿನ ಬ್ಯಾಟರಿ, ಬಲ್ಬು, ಎಂಜಿನ್ ನಿಯಂತ್ರಿಸುವ ಇಸಿಯು ಎಲ್ಲ ಢಮಾರ್. 14.5 ವೋಲ್ಟಿನ ಆಸುಪಾಸಿನಲ್ಲಿ ತಡೆದು ನಿಲ್ಲಿಸುವುದು ರೆಗ್ಯುಲೇಟರ್.

ಹೇಗೆ ತಡೆಯುತ್ತದೆ ಅನ್ನೋದೇ ಇಲ್ಲಿ ಮಜಾ. ನಮ್ಮಲ್ಲಿ ಓಡುವ ಬಹುಪಾಲು ಬೈಕುಗಳಲ್ಲಿರುವುದು ಶಂಟ್ ಮಾದರಿ. ವೋಲ್ಟೇಜ್ ಮಿತಿ ಮುಟ್ಟಿದ ಕೂಡಲೇ ಅದು ಕಾಯಿಲ್‌ನ ವೈರುಗಳನ್ನೇ ಶಾರ್ಟ್ ಮಾಡುತ್ತದೆ. ಮಿಕ್ಕ ಕರೆಂಟೆಲ್ಲ ಕಾಯಿಲ್ ಮತ್ತು ಆರ್‌ಆರ್ ನಡುವೆಯೇ ಸುತ್ತಿ ಶಾಖವಾಗಿ ಹೋಗುತ್ತದೆ. ಆ ರೆಕ್ಕೆಗಳು ಇರುವುದು ಇದಕ್ಕೇ. ಎಲ್‌ಇಡಿ ಹಾಕಿ ಲೋಡ್ ಇಳಿಸಿದೆ, ಕಾಯಿಲ್‌ಗೆ ಆರಾಮ ಅಂದುಕೊಂಡವರಿದ್ದಾರೆ. ಶಂಟ್ ಆರ್‌ಆರ್ ಇದ್ದರೆ ಹಾಗಾಗಲ್ಲ. ಬಲ್ಬಿಗೆ ಹೋಗುತ್ತಿದ್ದ ಕರೆಂಟೂ ಈಗ ಡಬ್ಬಿಗೇ ಬರುತ್ತದೆ. ಗಾಳಿ ಆಡದ ಕಡೆ ಡಬ್ಬಿ ಕೂರಿಸಿದ್ದರೆ ಅದು ಬೇಗ ಸಾಯುವುದೂ ಇದಕ್ಕೇ. ಸೀರೀಸ್ ಮಾದರಿಯಲ್ಲಿ ಬೇಡದ ಕರೆಂಟನ್ನು ಹರಿಯಲು ಬಿಡುವುದೇ ಇಲ್ಲ, ಹಾಗಾಗಿ ಕಾಯಿಲೂ ತಣ್ಣಗಿರುತ್ತದೆ. ಬೆಲೆ ಮಾತ್ರ ಜಾಸ್ತಿ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಈ ಕಥೆ ಬೇರೆ. ಅವುಗಳಲ್ಲಿ ಬಹಳಷ್ಟರಲ್ಲಿ ಇದ್ದದ್ದು ಕಾರ್ಬನ್ ಬ್ರಷ್‌ನ 6 ವೋಲ್ಟ್ ಡೈನಮೋ. ಅದು ನೇರ ಡಿಸಿಯನ್ನೇ ಕೊಡುತ್ತದೆ, ರೆಕ್ಟಿಫೈಯರ್ ಬೇಕಿಲ್ಲ. ರೆಗ್ಯುಲೇಟರ್ ಕೂಡ ಪಾಯಿಂಟ್ ಇರುವ ಕಟ್‌ಔಟ್ ಡಬ್ಬಿ.

ಸರಿ, ಹೋಗಿರುವುದು ಆರ್‌ಆರೇ ಅಂತ ಗೊತ್ತಾಗುವುದು ಹೇಗೆ? ಸುಮ್ನೆ ಊಹೆ ಮಾಡಿ ಪಾರ್ಟ್ ತರಬೇಡಿ. ಒಂದು ಮಲ್ಟಿಮೀಟರ್ ಸಾಕು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಬ್ಯಾಟರಿಯ ಪ್ಲಸ್, ಮೈನಸ್ ಮೇಲೆ ಹಿಡಿದರೆ, ಎಂಜಿನ್ ಆಫ್ ಇದ್ದಾಗ 12.6 ಅಥವಾ ಸ್ವಲ್ಪ ಮೇಲೆ ತೋರಿಸಬೇಕು. ಸ್ಟಾರ್ಟ್ ಮಾಡಿ ಮೆಲ್ಲಗೆ ರೇಸ್ ಕೊಡಿ. ನಂಬರ್ ಏರುತ್ತಾ ಹೋಗಿ 14ರ ಹತ್ತಿರ ನಿಂತರೆ ಎಲ್ಲ ಸರಿ ಇದೆ. 15 ದಾಟಿ ಏರುತ್ತಲೇ ಇದ್ದರೆ ರೆಗ್ಯುಲೇಟರ್ ಮೇಲೆ ಮೊದಲ ಅನುಮಾನ. ಅರ್ಥ್, ಅಂದರೆ ಬೈಕಿನ ಮೈಗೆ ಕೊಟ್ಟ ಮೈನಸ್ ಕನೆಕ್ಷನ್, ಲೂಸ್ ಆಗಿದೆಯಾ ಅಂತಲೂ ನೋಡಿ. ಬ್ಯಾಟರಿ ಊದಿಕೊಳ್ಳುವುದು, ಬಲ್ಬುಗಳು ಮೇಲಿಂದ ಮೇಲೆ ಹೋಗುವುದು ಹೀಗೆ ವೋಲ್ಟೇಜ್ ಮಿತಿ ಮೀರಿದಾಗಲೇ. ಎಷ್ಟು ರೇಸ್ ಕೊಟ್ಟರೂ 12ರಲ್ಲೇ ಕೂತಿದ್ದರೆ ಚಾರ್ಜ್ ಬರುತ್ತಿಲ್ಲ. ಆಗ ತಪ್ಪು ಆರ್‌ಆರ್‌ದೋ, ಕಾಯಿಲ್‌ದೋ, ನಡುವಿನ ವೈರಿನದೋ ಅಂತ ಬೇರೆ ಮಾಡಬೇಕು.

ಎಂಜಿನ್ ಆಫ್ ಮಾಡಿ ಕಾಯಿಲ್ ಕಪ್ಲರ್ ಬಿಚ್ಚಿ. ತ್ರೀ ಫೇಸ್ ಬೈಕಿನಲ್ಲಿ ಒಂದೇ ಬಣ್ಣದ, ಸಾಮಾನ್ಯವಾಗಿ ಹಳದಿಯ, ಮೂರು ವೈರ್ ಇರುತ್ತವೆ. ಎರಡೆರಡನ್ನು ಅಳೆದರೆ ಮೂರು ಜೋಡಿಯಲ್ಲೂ ಒಂದೇ ಓಮ್ ಬರಬೇಕು, ಅದೂ ತೀರಾ ಕಡಿಮೆ. ಯಾವುದೇ ವೈರಿನಿಂದ ಎಂಜಿನ್ ಮೈಗೆ ಕನೆಕ್ಷನ್ ಇರಲೇಬಾರದು. ಇದ್ದರೆ ಕಾಯಿಲ್ ಸುಟ್ಟಿದೆ, ಹೊಸ ಆರ್‌ಆರ್ ಹಾಕಿ ಪ್ರಯೋಜನ ಇಲ್ಲ. ಕಪ್ಲರನ್ನೂ ಸರಿಯಾಗಿ ನೋಡಿ. ಬಿಳಿ ಪ್ಲಾಸ್ಟಿಕ್ ಒಂದು ಪಿನ್ ಸುತ್ತ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಕರಗಿದ್ದರೆ, ಅಲ್ಲಿ ಪಿನ್ ಸಡಿಲವಾಗಿ ಕಾದಿದೆ. ಹೊಸ ಡಬ್ಬಿಯನ್ನು ಅದೇ ಕರಗಿದ ಕಪ್ಲರ್‌ಗೆ ಸಿಕ್ಕಿಸುವುದು ದುಡ್ಡು ಹಾಳು.

ಆರ್‌ಆರ್ ಬದಲಾಯಿಸುವುದು ಸ್ಪ್ಯಾನರ್ ಹಿಡಿಯಲು ಬರುವ ಯಾರಿಗಾದರೂ ಆಗುವ ಕೆಲಸ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಆಮೇಲೆ ಕಪ್ಲರ್, ಬೋಲ್ಟು. ನಿಮ್ಮ ಮಾಡೆಲ್‌ನದ್ದೇ ಡಬ್ಬಿ ತನ್ನಿ. ಕಪ್ಲರ್ ಒಂದೇ ಥರ ಕಂಡರೂ ಪಿನ್ ಜಾಗ ಬೇರೆ ಇರಬಹುದು. ಡಬ್ಬಿಯ ಮೈಯೇ ಅರ್ಥ್ ಆಗಿರುವ ಬೈಕಾದರೆ ಬೋಲ್ಟ್ ಕೂರುವ ಜಾಗದ ತುಕ್ಕು, ಪೇಂಟು ಉಜ್ಜಿ ತೆಗೆಯಿರಿ. ಕಾಯಿಲ್ ಪ್ಲೇಟ್ ವಿಷಯಕ್ಕೆ ಮಾತ್ರ ನಾನು ಅಷ್ಟು ಧೈರ್ಯ ಹೇಳಲ್ಲ. ಎಂಜಿನ್ ಕವರ್ ತೆಗೆಯಬೇಕು, ಎಷ್ಟೋ ಬೈಕಲ್ಲಿ ಆಯಿಲ್ ಇಳಿಸಬೇಕು, ಗ್ಯಾಸ್ಕೆಟ್ ಹೊಸದು ಬೇಕು. ಕೆಲವದರಲ್ಲಿ ಮ್ಯಾಗ್ನೆಟ್ ಕಳಚಲು ಪುಲ್ಲರ್ ಎಂಬ ಎಳೆಯುವ ಟೂಲ್ ಬೇಕೇ ಬೇಕು. ಸುತ್ತಿಗೆ ಏಟು ಕೊಟ್ಟರೆ ಕ್ರ್ಯಾಂಕ್‌ಗೇ ಪೆಟ್ಟು.

ಎಲ್ಲ ಜೋಡಿಸಿದ ಮೇಲೆ ಮತ್ತೆ ಮೀಟರ್ ಇಟ್ಟು 14 ಬರುತ್ತಾ ನೋಡಿ. ಒಂದು ಸುತ್ತು ಓಡಿಸಿ ಬಂದು ಎಂಜಿನ್ ಆಫ್ ಮಾಡಿ, ಕಪ್ಲರ್ ಮುಟ್ಟಿ ನೋಡಿ. ಡಬ್ಬಿ ಬಿಸಿ ಇದ್ದರೆ ಚಿಂತೆ ಬೇಡ, ಅದರ ಕೆಲಸವೇ ಅದು. ಕಪ್ಲರ್ ಸುಡುತ್ತಿದ್ದರೆ ಪಿನ್ ಇನ್ನೂ ಗಟ್ಟಿಯಾಗಿ ಕೂತಿಲ್ಲ, ಮತ್ತೆ ಬಿಚ್ಚಿ.