ಆಕ್ಸಿಜನ್ ಕೂಡ ಔಷಧಿಯೇ, ಅದಕ್ಕೂ ಡೋಸ್ ಇದೆ

ಮಂಡ್ಯದ ನರ್ಸಿಂಗ್ ಹೋಮ್‌ಗಳ ವಾರ್ಡಿನಲ್ಲಿ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬೀಳುತ್ತದೆ. "ಸಿಸ್ಟರ್, ಅಪ್ಪಂಗೆ ಉಸಿರು ಕಟ್ತಾ ಇದೆ, ಗ್ಯಾಸ್ ಒಂಚೂರು ಜಾಸ್ತಿ ಮಾಡಿ." ಸಿಸ್ಟರ್ ಬೇರೆ ಬೆಡ್ ಹತ್ತಿರ ಇದ್ದರೆ ಮಗನೇ ಎದ್ದು, ನಿಮಿಷಕ್ಕೆ ಎಷ್ಟು ಲೀಟರ್ ಆಕ್ಸಿಜನ್ ಹರಿಯುತ್ತಿದೆ ಅಂತ ತೋರಿಸುವ ಫ್ಲೋಮೀಟರಿನ ತಿರುಪು ತಿರುಗಿಸುತ್ತಾನೆ. ಗಾಜಿನ ಕೊಳವೆಯೊಳಗಿನ ಗುಂಡು ಎರಡರಿಂದ ಎಂಟಕ್ಕೆ ಏರುತ್ತದೆ. ಅವನಿಗೆ ಸಮಾಧಾನ. ಅದೇ ಮಗ ಅಪ್ಪನಿಗೆ ಬಿ.ಪಿ. ಮಾತ್ರೆ ಒಂದರ ಬದಲು ನಾಲ್ಕು ಕೊಡುತ್ತಾನಾ? ಖಂಡಿತ ಇಲ್ಲ. ಮಾತ್ರೆಗೆ ಲೆಕ್ಕ ಇದೆ ಅಂತ ಅವನಿಗೆ ಗೊತ್ತು. ಆಕ್ಸಿಜನ್ ಅಂದರೆ ಬರೀ ಗಾಳಿ, ಜಾಸ್ತಿಯಾದರೆ ಏನಾಗುತ್ತೆ ಅಂತ ಅವನ ಯೋಚನೆ.

ಇದು ಅವನೊಬ್ಬನ ತಪ್ಪಲ್ಲ. ನಮ್ಮ ದೇಶದ ಕಾನೂನಿನಲ್ಲಿ ವೈದ್ಯಕೀಯ ಆಕ್ಸಿಜನ್ ಒಂದು ಔಷಧಿ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಆದರೂ ಎಷ್ಟೋ ಕೇಸ್ ಶೀಟ್‌ಗಳಲ್ಲಿ ಮಾತ್ರೆಗೆ ಹೆಸರು, ಮಿಲಿಗ್ರಾಂ, ಹೊತ್ತು ಎಲ್ಲ ಇರುತ್ತದೆ, ಆಕ್ಸಿಜನ್ ಎದುರು ಮಾತ್ರ "ಕೊಡಿ" ಅಂತ ಒಂದೇ ಪದ. ನಿಮಿಷಕ್ಕೆ ಎಷ್ಟು ಲೀಟರ್? ಮಾಸ್ಕಿನಲ್ಲೋ, ಮೂಗಿನ ನಳಿಕೆಯಲ್ಲೋ? ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಆಮ್ಲಜನಕದ ಶೇಕಡಾ ಮಟ್ಟ, ಎಷ್ಟಿದ್ದರೆ ಸಾಕು? ಈ ಮೂರನ್ನೂ ಮಾತ್ರೆಗಳ ಜೊತೆ ಅದೇ ಹಾಳೆಯಲ್ಲಿ ಬರೆಯಬೇಕು. ಯಾಕೆ ಅದೇ ಹಾಳೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಶ್ವಾಸಕೋಶದ ಕಥೆ. ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ವಯಸ್ಸಾದವರಲ್ಲಿ ದಮ್ಮಿನ ಕಾಯಿಲೆ ಹೊಸದಲ್ಲ. ಗಂಡಸರಿಗೆ ಬೀಡಿ, ಹೆಂಗಸರಿಗೆ ಸೌದೆ ಒಲೆಯ ಹೊಗೆ, ಕೆಲವರಿಗೆ ಆಲೆಮನೆಯ ಹೊಗೆ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದ ಗಾಳಿ ದಾರಿಗಳು ಕಿರಿದಾಗುತ್ತವೆ. ಡಾಕ್ಟರುಗಳು ಇದನ್ನು ಸಿಒಪಿಡಿ ಅನ್ನುತ್ತಾರೆ. ಇಂಥವರ ಶ್ವಾಸಕೋಶದಲ್ಲಿ ಕೆಲವು ಗಾಳಿಚೀಲಗಳಿಗೆ ಗಾಳಿ ಚೆನ್ನಾಗಿ ಹೋಗುತ್ತದೆ, ಕೆಲವಕ್ಕೆ ಹೋಗುವುದೇ ಇಲ್ಲ. ದೇಹ ಇದಕ್ಕೊಂದು ಉಪಾಯ ಮಾಡಿಕೊಂಡಿದೆ. ಎಲ್ಲಿ ಆಮ್ಲಜನಕ ಕಡಿಮೆಯೋ ಅಲ್ಲಿನ ರಕ್ತನಾಳಗಳು ಸಣ್ಣಗಾಗುತ್ತವೆ. ರಕ್ತ ಆ ಕೆಟ್ಟ ಚೀಲಗಳನ್ನು ಬಿಟ್ಟು ಒಳ್ಳೆಯ ಚೀಲಗಳ ಕಡೆ ಹರಿಯುತ್ತದೆ.

ಈಗ ನಾವು ಆಕ್ಸಿಜನ್ ಜೋರಾಗಿ ಬಿಡುತ್ತೇವೆ. ಕೆಟ್ಟ ಚೀಲಕ್ಕೂ ಒಂದಿಷ್ಟು ಆಮ್ಲಜನಕ ತಲುಪುತ್ತದೆ. ಬಿಗಿಯಾಗಿದ್ದ ರಕ್ತನಾಳ ಸಡಿಲವಾಗಿ ರಕ್ತ ಮತ್ತೆ ಅಲ್ಲಿಗೇ ಹೋಗುತ್ತದೆ. ಆದರೆ ಅಲ್ಲಿ ಗಾಳಿಯ ಓಡಾಟ ಇಲ್ಲವಲ್ಲ, ಹಾಗಾಗಿ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದಿಲ್ಲ. ಸಾಲದ್ದಕ್ಕೆ, ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ ತಾನು ಹೊತ್ತಿದ್ದ ಇಂಗಾಲದ ಡೈಆಕ್ಸೈಡನ್ನು ರಕ್ತಕ್ಕೇ ಬಿಟ್ಟುಕೊಡುತ್ತದೆ. ಉಸಿರಾಟದ ವೇಗವೂ ಒಂದಿಷ್ಟು ತಗ್ಗುತ್ತದೆ. ಹಿಂದೆ ಪಠ್ಯಪುಸ್ತಕಗಳು ಈ ಕೊನೆಯದನ್ನೇ ಮುಖ್ಯ ಕಾರಣ ಅನ್ನುತ್ತಿದ್ದವು. ಮೊದಲ ಎರಡರ ಪಾಲೇ ದೊಡ್ಡದು ಅಂತ ಈಗ ಗೊತ್ತಾಗಿದೆ.

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಮಂಪರು ಬರುತ್ತದೆ. ಇಷ್ಟು ಹೊತ್ತು ಕೂತು ಏದುಸಿರು ಬಿಡುತ್ತಿದ್ದ ಅಪ್ಪ ಮಲಗುತ್ತಾರೆ. "ಪಾಪ, ಈಗ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದಾರೆ" ಅಂತ ಮನೆಯವರು ದೀಪ ಆರಿಸುತ್ತಾರೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ 99 ತೋರಿಸುತ್ತಿರುತ್ತದೆ. ನನಗೆ ತುಂಬಾ ಭಯ ಹುಟ್ಟಿಸುವುದು ಈ 99. ಜಪಾನಿನ ಟಕುವೊ ಅಯೋಯಾಗಿ 1970ರ ದಶಕದಲ್ಲಿ ಕಂಡುಕೊಂಡ ತತ್ವದ ಮೇಲೆ ನಡೆಯುವ ಈ ಪುಟ್ಟ ಯಂತ್ರ ಅದ್ಭುತವಾದದ್ದು, ಕೋವಿಡ್ ಕಾಲದಲ್ಲಿ ಎಷ್ಟೋ ಜೀವ ಉಳಿಸಿತು. ಆದರೆ ಅದು ನೋಡುವುದು ಆಮ್ಲಜನಕವನ್ನು ಮಾತ್ರ. ಇಂಗಾಲದ ಡೈಆಕ್ಸೈಡ್ ಅದಕ್ಕೆ ಕಾಣುವುದಿಲ್ಲ. ಅದನ್ನು ತಿಳಿಯಲು ಅಪಧಮನಿಯಿಂದ ರಕ್ತ ತೆಗೆದು ಅದರಲ್ಲಿರುವ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆ ಮಾಡಬೇಕು. ಆಕ್ಸಿಜನ್ ಜಾಸ್ತಿ ಮಾಡಿದ ಮೇಲೆ ಸಿಒಪಿಡಿ ರೋಗಿ ತೂಕಡಿಸಿದರೆ, ಕರೆದರೆ ಸರಿಯಾಗಿ ಓಗೊಡದಿದ್ದರೆ ಅದು ತುರ್ತು ಸ್ಥಿತಿ. ಆಗ ಡ್ಯೂಟಿ ಡಾಕ್ಟರನ್ನು ಕೂಗಿ ಕರೆಯಬೇಕು. ಹಾಗಂತ ಗಾಬರಿಯಲ್ಲಿ ಆಕ್ಸಿಜನ್ ಪೂರ್ತಿ ಕಿತ್ತುಹಾಕುವುದೂ ತಪ್ಪು. ಸ್ಯಾಚುರೇಷನ್ ಕ್ಷಣದಲ್ಲಿ ಕುಸಿಯುತ್ತದೆ.

ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಇದನ್ನು ಆಂಬುಲೆನ್ಸಿನಲ್ಲೇ ಪರೀಕ್ಷೆ ಮಾಡಿ ನೋಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಉಸಿರಾಟದ ತೊಂದರೆಯ 405 ಜನ ಇದ್ದರು. ಕೆಲವರಿಗೆ ಮಾಮೂಲಿನಂತೆ ಜೋರಾಗಿ ಆಕ್ಸಿಜನ್, ಉಳಿದವರಿಗೆ ಸ್ಯಾಚುರೇಷನ್ 88ರಿಂದ 92ರ ನಡುವೆ ನಿಲ್ಲುವಷ್ಟು ಮಾತ್ರ. ಜೋರಾಗಿ ಕೊಟ್ಟ ಗುಂಪಿನಲ್ಲಿ ಶೇ. 9ರಷ್ಟು ಜನ ತೀರಿಕೊಂಡರು. ಅಳೆದು ಕೊಟ್ಟ ಗುಂಪಿನಲ್ಲಿ ಶೇ. 4. ಸಿಒಪಿಡಿ ಇದ್ದವರಿಗೆ ಇವತ್ತಿಗೂ ಗುರಿ 88ರಿಂದ 92. ಬೇರೆ ಹೆಚ್ಚಿನ ವಯಸ್ಕ ರೋಗಿಗಳಿಗೆ 94ರಿಂದ 98. ಆಕ್ಸಿಮೀಟರಿನಲ್ಲಿ 90 ಕಂಡು ಸಿಸ್ಟರ್ ಜೊತೆ ಜಗಳಕ್ಕೆ ಇಳಿಯುವ ಮೊದಲು ಇದು ಗೊತ್ತಿರಬೇಕು ಅಲ್ವಾ?

ಅತಿಯಾದ ಆಕ್ಸಿಜನ್‌ಗೆ ಇದಕ್ಕಿಂತ ಹಳೆಯ, ಇನ್ನೂ ನೋವಿನ ಚರಿತ್ರೆ ಇದೆ. 1940ರ ದಶಕದಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಇಂಗ್ಲೆಂಡಿನ ಒಳ್ಳೆಯ ಆಸ್ಪತ್ರೆಗಳಲ್ಲಿ ದಿನ ತುಂಬುವ ಮೊದಲು ಹುಟ್ಟಿದ ಮಕ್ಕಳನ್ನು ಪೆಟ್ಟಿಗೆಯಲ್ಲಿಟ್ಟು ಧಾರಾಳವಾಗಿ ಆಕ್ಸಿಜನ್ ಬಿಡುತ್ತಿದ್ದರು. ಮಕ್ಕಳು ಬದುಕಿದವು, ಕಣ್ಣು ಹೋಯಿತು. ವಿಚಿತ್ರ ಅಂದರೆ ಬಡ ಆಸ್ಪತ್ರೆಗಳಲ್ಲಿ ಈ ಕುರುಡು ಅಷ್ಟಾಗಿ ಕಾಣಲಿಲ್ಲ. ಅಲ್ಲಿ ಆಕ್ಸಿಜನ್ನೇ ಅಷ್ಟು ಇರಲಿಲ್ಲ. 1951ರಲ್ಲಿ ಮೆಲ್ಬರ್ನಿನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಕಾರಣ ಆಕ್ಸಿಜನ್ ಇರಬಹುದು ಅಂದರು. ಅಮೆರಿಕದಲ್ಲಿ 1953-54ರಲ್ಲಿ ನಡೆದ ದೊಡ್ಡ ಪರೀಕ್ಷೆ ಅದು ನಿಜ ಅಂತ ತೋರಿಸಿತು. ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. ಆಮೇಲೆ ಹೆದರಿ ಆಕ್ಸಿಜನ್ ತೀರಾ ಕಡಿಮೆ ಮಾಡಿದರು, ಉಸಿರಿಲ್ಲದೆ ಸತ್ತ ಮಕ್ಕಳ ಸಂಖ್ಯೆ ಏರಿತು. ಹಾಗಾಗಿ ಈಗ ಹಸುಗೂಸುಗಳ ಐಸಿಯುನಲ್ಲಿ ಸ್ಯಾಚುರೇಷನ್ ಕೆಳಗೆ ಇಳಿದರೂ ಅಲಾರಾಂ, ಮೇಲೆ ಏರಿದರೂ ಅಲಾರಾಂ.

ಇನ್ನು ಒಂದೇ ಹಾಳೆಯ ವಿಷಯ. ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ದಮ್ಮಿನ ರೋಗಿಗೆ ಮನೆಯವರು ಪರ್ಸಿನಲ್ಲಿದ್ದ ಆಲ್‌ಪ್ರಜೋಲಾಮ್ ಅನ್ನುವ ನಿದ್ದೆ ತರಿಸುವ ಮಾತ್ರೆ ಕೊಡುತ್ತಾರೆ. ಆ ಮಾತ್ರೆ ಉಸಿರಾಟವನ್ನು ತಗ್ಗಿಸುತ್ತದೆ. ಆಕ್ಸಿಜನ್ ಎಂಟು ಲೀಟರ್ ಓಡುತ್ತಿದ್ದರೆ ಎರಡೂ ಸೇರಿ ಇಂಗಾಲದ ಡೈಆಕ್ಸೈಡನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ನೆಬುಲೈಸೇಷನ್ ಕೂಡ ಹಾಗೆಯೇ. ಔಷಧಿಯನ್ನು ಹೊಗೆಯಂತೆ ಎಬ್ಬಿಸಲು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಬೇಕು. ಅದನ್ನು ಸಿಲಿಂಡರಿನ ಆಕ್ಸಿಜನ್‌ನಿಂದಲೇ ನಡೆಸಿದರೆ, ಎರಡು ಲೀಟರಿನಲ್ಲಿದ್ದ ರೋಗಿಗೆ ದಿನಕ್ಕೆ ನಾಲ್ಕು ಸಲ ಎಂಟು ಲೀಟರ್ ಕೊಟ್ಟಂತೆ ಆಯಿತು. ಸಿಒಪಿಡಿ ಇದ್ದವರಿಗೆ ಕರೆಂಟಿನ ಕಂಪ್ರೆಸರ್‌ನಲ್ಲಿ ನೆಬುಲೈಸ್ ಮಾಡಿ, ಜೊತೆಗೆ ಮೂಗಿನ ನಳಿಕೆಯಲ್ಲಿ ಎರಡು ಲೀಟರ್ ಮುಂದುವರಿಸಬಹುದು. ಮಾತ್ರೆ ಒಂದು ಪುಸ್ತಕದಲ್ಲಿ, ಆಕ್ಸಿಜನ್ ಬಾಯಿ ಮಾತಿನಲ್ಲಿ ಇದ್ದರೆ ಇಂಥದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಅಪಾಯ ಬೆಂಕಿ. ಆಕ್ಸಿಜನ್ ಹೊತ್ತಿ ಉರಿಯುವ ಗ್ಯಾಸ್ ಅಂತ ಹಲವರು ನಂಬಿದ್ದಾರೆ. ಅದು ತಾನು ಉರಿಯುವುದಿಲ್ಲ, ಬೇರೆಯದನ್ನು ಉರಿಸುತ್ತದೆ. ಇದನ್ನು ಜೋಸೆಫ್ ಪ್ರೀಸ್ಟ್ಲಿ 1774ರ ಆಗಸ್ಟ್ 1ರಂದೇ ನೋಡಿದ್ದ. ಕೆಂಪು ಪಾದರಸದ ಭಸ್ಮವನ್ನು ಮಸೂರದಿಂದ ಬಿಸಿಲು ಹಾಯಿಸಿ ಕಾಯಿಸಿದಾಗ ಬಂದ ಗಾಳಿಯಲ್ಲಿ ಮೋಂಬತ್ತಿ ಧಗಧಗ ಉರಿಯಿತು. ಸ್ವೀಡನ್ನಿನ ಶೀಲೆ ಇದೇ ಗಾಳಿಯನ್ನು ಅವನಿಗಿಂತ ಮೊದಲೇ ಮಾಡಿದ್ದ, ಆದರೆ ಅದು ಅಚ್ಚಾಗಿದ್ದು ತಡವಾಗಿ. ಪ್ರೀಸ್ಟ್ಲಿ ಆ ಗಾಳಿಯನ್ನು ತಾನೂ ಉಸಿರಾಡಿ ನೋಡಿದ. ಇದು ಔಷಧಿಯಾಗಿ ಉಪಯೋಗಕ್ಕೆ ಬಂದೀತು, ಆದರೆ ಮೋಂಬತ್ತಿ ಬೇಗ ಉರಿದು ಮುಗಿಯುವಂತೆ ಆರೋಗ್ಯವಂತರೂ ಬೇಗ ಉರಿದುಹೋಗಬಹುದು ಅಂತ ಅನುಮಾನಪಟ್ಟ. ಆಕ್ಸಿಜನ್ ಕಂಡುಹಿಡಿದವರ ಬರಹದಲ್ಲೇ ಡೋಸಿನ ಬಗ್ಗೆ ಈ ಎಚ್ಚರಿಕೆ ಇತ್ತು!

ಗಾಳಿಯಲ್ಲಿ ಆಮ್ಲಜನಕ ಶೇ. 21. ಅದು 23.5 ದಾಟಿದರೆ ಅಪಾಯ ಅಂತ ಕಾರ್ಖಾನೆಗಳ ಸುರಕ್ಷತಾ ನಿಯಮ ಹೇಳುತ್ತದೆ. ಎರಡೂವರೆ ಅಂಶದ ವ್ಯತ್ಯಾಸ ಅಷ್ಟೇ. ಊಟಕ್ಕೆ ಅಂತ ಮಾಸ್ಕ್ ತೆಗೆದು ಹಾಸಿಗೆಯ ಮೇಲಿಟ್ಟು ಆಕ್ಸಿಜನ್ ಬಂದ್ ಮಾಡದೆ ಬಿಟ್ಟರೆ, ಕಂಬಳಿ, ದಿಂಬು, ಪಂಚೆ ಎಲ್ಲ ಅದನ್ನು ಹೀರಿಕೊಂಡು ಕೂರುತ್ತವೆ. ಆಮೇಲೆ ಒಂದು ಕಿಡಿ ಸಾಕು. 1967ರ ಜನವರಿ 27ರಂದು ಅಪೋಲೋ 1 ನೌಕೆ ನೆಲದ ಮೇಲೆ ಪರೀಕ್ಷೆಯಲ್ಲಿದ್ದಾಗ ಅದರೊಳಗೆ ಶುದ್ಧ ಆಕ್ಸಿಜನ್ ತುಂಬಿದ್ದರು. ಒಂದು ಕಿಡಿಗೆ ಮೂವರು ಗಗನಯಾತ್ರಿಗಳು ತೀರಿಕೊಂಡರು. 2021ರ ಏಪ್ರಿಲ್‌ನಲ್ಲಿ ಬಾಗ್ದಾದಿನ ಕೋವಿಡ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರುಗಳಿಂದ ಹಬ್ಬಿದ ಬೆಂಕಿಗೆ 80ಕ್ಕೂ ಹೆಚ್ಚು ಜನ ಬಲಿಯಾದರು.

ಆದ್ದರಿಂದ ಒಂದು ವಿಷಯವನ್ನು ಕೈಮುಗಿದು ಕೇಳುತ್ತೇನೆ. ಆಕ್ಸಿಜನ್ ಓಡುತ್ತಿರುವ ಕೋಣೆಯಲ್ಲಿ ಊದುಬತ್ತಿ ಬೇಡ, ಕರ್ಪೂರ ಬೇಡ, ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆಯುವುದು ಖಂಡಿತ ಬೇಡ. ದೇವರ ಪಟ ಇರಲಿ, ಹೂವು ಇರಲಿ, ಹಣೆಗೆ ವಿಭೂತಿ ಇರಲಿ. ಬೆಂಕಿ ಮಾತ್ರ ಹೊರಗೆ. ಮನೆಯಲ್ಲಿ ಕಾನ್ಸಂಟ್ರೇಟರ್ (ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಇಟ್ಟುಕೊಂಡವರು ಅದನ್ನು ದೇವರ ಮನೆ ಮತ್ತು ಗ್ಯಾಸ್ ಸ್ಟವ್‌ನಿಂದ ಕನಿಷ್ಠ ಹತ್ತು ಅಡಿ ದೂರ ಇಡಬೇಕು. ಕೋವಿಡ್ ಸಮಯದಲ್ಲಿ ಕರ್ಪೂರ, ಓಮ, ಲವಂಗದ ಗಂಟು ಮೂಸಿದರೆ ಸ್ಯಾಚುರೇಷನ್ ಏರುತ್ತದೆ ಅಂತ ಮೊಬೈಲಿನಿಂದ ಮೊಬೈಲಿಗೆ ಸುದ್ದಿ ಹರಿಯಿತು. ಏರುವುದಿಲ್ಲ. ಆಕ್ಸಿಜನ್ ಹಾಕಿದರೆ ಕೊನೆಗಾಲ ಬಂತು ಅನ್ನುವುದೂ ಸುಳ್ಳು. ಆ ಹೆದರಿಕೆಯಿಂದ ತಡ ಮಾಡಿದ್ದೇ ಎಷ್ಟೋ ಸಲ ಮುಳುವಾಗುತ್ತದೆ.

ಆಕ್ಸಿಜನ್ ಹತ್ತಿರ ಬೆಂಕಿಯಂತೆ ಎಣ್ಣೆಯೂ ಅಪಾಯ, ಅದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಸಿಲಿಂಡರ್ ಕೀ ಬಿಗಿಯಾಗಿದೆ ಅಂತ ಒಂದು ಹನಿ ಎಣ್ಣೆ ಬಿಡುವವರಿದ್ದಾರೆ. ಕಬ್ಬಿನ ಗದ್ದೆಗೆ ನೀರು ಹಾಯಿಸುವ ಡೀಸೆಲ್ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಅದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರರಲ್ಲೋ ಇಪ್ಪತ್ತರಲ್ಲೋ ಒಂದು ಭಾಗಕ್ಕೆ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ತುಂಬಿದ ಸಿಲಿಂಡರಿನೊಳಗೆ ಗಾಳಿಯ ಸಾಮಾನ್ಯ ಒತ್ತಡದ ಸುಮಾರು 150 ಪಟ್ಟು ಒತ್ತಡ ಇರುತ್ತದೆ. ವಾಲ್ವನ್ನು ಒಂದೇ ಸಲಕ್ಕೆ ತೆರೆದರೆ, ರೆಗ್ಯುಲೇಟರಿನ ಸಣ್ಣ ಜಾಗದಲ್ಲಿದ್ದ ಗಾಳಿಯನ್ನು ನುಗ್ಗಿ ಬಂದ ಆಕ್ಸಿಜನ್ ಪಿಸ್ಟನ್ನಿನಂತೆ ಒತ್ತುತ್ತದೆ. ಮೂವತ್ತೈದರಲ್ಲಿ ಒಂದು ಭಾಗಕ್ಕೆ! ಶಾಖ ಎಲ್ಲಿಗೂ ಹೋಗದಿದ್ದರೆ ಲೆಕ್ಕದ ಪ್ರಕಾರ ಅದು 900 ಡಿಗ್ರಿಗೂ ಮೀರಿ ಏರಬೇಕು. ನಿಜದಲ್ಲಿ ಒಂದಿಷ್ಟು ಶಾಖವನ್ನು ಲೋಹ ಎಳೆದುಕೊಳ್ಳುತ್ತದೆ. ಆದರೂ ಶುದ್ಧ ಆಕ್ಸಿಜನ್ನಿನಲ್ಲಿ ಒಂದು ಹನಿ ಎಣ್ಣೆ ಹೊತ್ತಲು ಅಷ್ಟು ಬೇಕಿಲ್ಲ. ಕೀಯನ್ನು ನಿಧಾನವಾಗಿ ತಿರುಗಿಸಿ ಅನ್ನುವುದು ಇದಕ್ಕೇ. ನಿಧಾನವಾದಷ್ಟೂ ಶಾಖ ಲೋಹಕ್ಕೆ ಹರಿದುಹೋಗಲು ಸಮಯ ಸಿಗುತ್ತದೆ. ಎಣ್ಣೆ, ಗ್ರೀಸ್ ಮುಟ್ಟಿದ ಕೈ ಅಲ್ಲಿಗೆ ಹೋಗಬಾರದು. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಆರಿರಬೇಕು. ಒಣಗಿದ ತುಟಿಗೆ, ಮೂಗಿಗೆ ಕೊಬ್ಬರಿ ಎಣ್ಣೆ, ವ್ಯಾಸಲಿನ್ ಬದಲು ನೀರಿನ ಜೆಲ್ ಹಚ್ಚಿ.

ಔಷಧಿಗಳ ತಪ್ಪುಗಳ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನ ಬೇಕು. ಎರಡು ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಇನ್ಸುಲಿನ್ ಎರಡು ಬಲದಲ್ಲಿ ಬರುತ್ತದೆ. ಸಾಮಾನ್ಯ ಸೀಸೆಯಲ್ಲಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಪೆನ್ನು ಕೆಟ್ಟಿದೆ ಅಂತ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿಗೆ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಮಧ್ಯರಾತ್ರಿ ಸಕ್ಕರೆ ಕುಸಿದು ಎಚ್ಚರ ತಪ್ಪಲು ಅಷ್ಟು ಸಾಕು. ಎರಡನೆಯದು ಪೊಟ್ಯಾಸಿಯಂ ಕ್ಲೋರೈಡ್. ಅದರ 10 ಮಿಲಿಲೀಟರ್ ಆಂಪ್ಯೂಲ್, ಔಷಧಿ ಕಲಸುವ ನೀರಿನ ಆಂಪ್ಯೂಲಿನಂತೆಯೇ ಕಾಣಬಹುದು. ತೆಳು ಮಾಡದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಅದನ್ನು ಬೇರೆ ಬೀರುವಿನಲ್ಲಿ, ಬೀಗ ಹಾಕಿ, ದೊಡ್ಡ ಅಕ್ಷರದ ಚೀಟಿ ಅಂಟಿಸಿ ಇಡಬೇಕು. ಚಿಕ್ಕ ನರ್ಸಿಂಗ್ ಹೋಮ್‌ಗೂ ಇದಕ್ಕೆ ತಗಲುವ ಖರ್ಚು ಒಂದು ಬೀಗ ಅಷ್ಟೇ.

ಕೊನೆಗೆ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಅನ್ನುವ ಲೆಕ್ಕ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ಜನ ತೀರಿಕೊಂಡಾಗ ಇಡೀ ರಾಜ್ಯ ಈ ಲೆಕ್ಕದ ಬೆಲೆ ಕಂಡಿತು. ಅಲ್ಲಿಗೆ ಸಿಲಿಂಡರ್ ಬರಬೇಕಾಗಿದ್ದುದು ಮೈಸೂರಿನಿಂದ. ಮೈಸೂರಿನಲ್ಲಿ ನಿವೃತ್ತರು ಜಾಸ್ತಿ, ಮನೆಯಲ್ಲೇ ಕಾನ್ಸಂಟ್ರೇಟರ್ ಇಟ್ಟುಕೊಂಡವರೂ ಇದ್ದಾರೆ. ಕರೆಂಟ್ ಹೋದರೆ ಆ ಯಂತ್ರ ನಿಲ್ಲುತ್ತದೆ, ಅದಕ್ಕೇ ಮೂಲೆಯಲ್ಲಿ ಒಂದು ಬಿ-ಟೈಪ್ ಸಿಲಿಂಡರ್ ಬೇಕು. ಕಪ್ಪು ಮೈ, ಬಿಳಿ ಹೆಗಲು, ಒಳಗೆ 10 ಲೀಟರ್ ಜಾಗ. ಅದು ಬೀಳದಂತೆ ಗೋಡೆಗೆ ಸರಪಳಿ ಹಾಕಿ. ಗೇಜ್ ತೋರಿಸುವ ಕೆ.ಜಿ. ಒತ್ತಡವನ್ನು ಹತ್ತರಿಂದ ಗುಣಿಸಿದರೆ ಉಳಿದಿರುವ ಆಕ್ಸಿಜನ್ ಲೀಟರಿನಲ್ಲಿ ಸಿಗುತ್ತದೆ. 150 ಇದ್ದರೆ 1500 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ, 8 ಲೀಟರಿನಂತೆ ಬರೀ ಮೂರು ಗಂಟೆ. ಗೇಜ್ 50ಕ್ಕೆ ಇಳಿದಾಗಲೇ ಏಜೆನ್ಸಿಗೆ ಫೋನ್ ಮಾಡಿ. ಆಗ ಒಳಗೆ 500 ಲೀಟರ್ ಇರುತ್ತದೆ, 2 ಲೀಟರಿನಲ್ಲಿ ನಾಲ್ಕು ಗಂಟೆ ಚಿಲ್ಲರೆ ಬರುತ್ತದೆ.