ಕ್ಲಬ್ ಕೊಂಡವರ ಸಾಲ ಯಾರ ತಲೆಗೆ?

ಹೂಡಿಕೆ ಕಂಪನಿಯೊಂದು ಫುಟ್‌ಬಾಲ್ ಕ್ಲಬ್ ಕೊಂಡಿತು ಎಂಬ ಸುದ್ದಿ ಬಂದ ದಿನ ಅಭಿಮಾನಿಗಳು ಮೊದಲು ಕೇಳುವುದು, ಹೊಸ ಆಟಗಾರರಿಗೆ ಎಷ್ಟು ಸುರಿಯುತ್ತಾರೆ ಅಂತ. ಲೆಕ್ಕಪತ್ರ ಓದುವವರು ಕೇಳುವುದೇ ಬೇರೆ. ಕೊಳ್ಳಲು ತಂದ ದುಡ್ಡು ಯಾರದು? ಅದರ ಬಡ್ಡಿ ಕಟ್ಟುವವರು ಯಾರು? ಮೈದಾನದ ಪತ್ರ ಯಾರ ಹೆಸರಲ್ಲಿದೆ? ಮಾಲೀಕರು ಮುಂದಿನ ಹೆಜ್ಜೆ ಇಡಬೇಕಾದರೆ ಇನ್ನು ಯಾರ ಸಹಿ ಬೇಕು? ಗೆದ್ದ ಪ್ರತಿಭಟನೆಗಳನ್ನು ನೋಡಿದರೆ, ಬಹುಪಾಲು ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಬೀದಿಗಿಳಿದಂಥವು.

ಮ್ಯಾಂಚೆಸ್ಟರ್ ಯುನೈಟೆಡ್‌ನಿಂದಲೇ ಶುರು ಮಾಡೋಣ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡ್ ಬೆಲೆಗೆ ಸಾಲವೇ ಇಲ್ಲದಿದ್ದ ಕ್ಲಬ್ಬನ್ನು ಕೊಂಡಿತು. ಅದರಲ್ಲಿ ಸುಮಾರು 26.5 ಕೋಟಿ ಕ್ಲಬ್ಬಿನ ಆಸ್ತಿಯನ್ನೇ ಅಡವಿಟ್ಟು ಎತ್ತಿದ ಸಾಲ. ಇನ್ನೊಂದು 27.5 ಕೋಟಿ ಹೆಡ್ಜ್ ಫಂಡ್‌ಗಳಿಂದ, ಅಂದರೆ ಶ್ರೀಮಂತರ ಹಣ ಕೂಡಿಸಿ ಅಪಾಯದ ಹೂಡಿಕೆ ಮಾಡುವ ಸಂಸ್ಥೆಗಳಿಂದ, ಬಂದದ್ದು. ಈ ಎರಡನೆಯ ಸಾಲದ ಸ್ವರೂಪ ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಇದಕ್ಕೆ 'ಪಿಕ್' ಸಾಲ ಎನ್ನುತ್ತಾರೆ. ಬಡ್ಡಿಯನ್ನು ವರ್ಷವರ್ಷ ನಗದಾಗಿ ಕಟ್ಟುವುದಿಲ್ಲ, ಅದು ಅಸಲಿಗೆ ಸೇರುತ್ತ ಹೋಗುತ್ತದೆ. 2006ರಲ್ಲಿ ಸಾಲವನ್ನು ಹೊಸದಾಗಿ ಹೊಂದಿಸಿಕೊಂಡ ಮೇಲೆ ಪಿಕ್ ಸಾಲ 13.8 ಕೋಟಿಗೆ ಇಳಿಯಿತು, ಬಡ್ಡಿ ಮಾತ್ರ ಶೇ 14.25. ಈ ದರದ ಚಕ್ರಬಡ್ಡಿಯಲ್ಲಿ ಯಾವ ಮೊತ್ತವೂ ಐದು ವರ್ಷ ಕಳೆದು ಎರಡು-ಮೂರು ತಿಂಗಳಿಗೆ ಇಮ್ಮಡಿ. ಮೂರೇ ವರ್ಷದಲ್ಲಿ ಅದು 20 ಕೋಟಿ ದಾಟಿತು. 2010ರ ಆರಂಭದಲ್ಲಿ ಕ್ಲಬ್ 50 ಕೋಟಿ ಪೌಂಡ್‌ಗೂ ಹೆಚ್ಚಿನ ಬಾಂಡ್ ಹೊರಡಿಸಿ ಬ್ಯಾಂಕ್ ಸಾಲ ತೀರಿಸಿತು. ಪಿಕ್ ಸಾಲ ತೀರಿದ್ದು ಅದೇ ವರ್ಷದ ನವೆಂಬರಿನಲ್ಲಿ.

ಆಗ ಪ್ರತಿಭಟನೆಗೆಂದು ಅಭಿಮಾನಿಗಳು ಹೊದ್ದ ಹಸಿರು-ಬಂಗಾರ ಬಣ್ಣದ ಶಾಲುಗಳು ಸ್ಟೇಡಿಯಂ ತುಂಬ. ಕ್ಲಬ್ಬಿನ ಮೂಲ ಹೆಸರಾದ ನ್ಯೂಟನ್ ಹೀತ್ ಕಾಲದ ಬಣ್ಣಗಳವು. ನೋಡಲು ಭವ್ಯವಾಗಿತ್ತು, ಆದರೆ ಮಾಲೀಕರಿಗೆ ಆ ಹೊತ್ತಿಗೆ ಅಭಿಮಾನಿಗಳಿಂದ ಆಗಬೇಕಾದ್ದು ಏನೂ ಉಳಿದಿರಲಿಲ್ಲ. ತಡೆಯಬಹುದಾಗಿದ್ದ ಗಳಿಗೆ ಐದು ವರ್ಷ ಹಿಂದೆಯೇ ಕಳೆದುಹೋಗಿತ್ತು. 2005ರ ಮೇ 12ರಂದು ಐರ್ಲೆಂಡಿನ ಇಬ್ಬರು ದೊಡ್ಡ ಷೇರುದಾರರು ತಮ್ಮ ಶೇ 28.7 ಪಾಲು ಮಾರಿದರು. ಗ್ಲೇಜರ್ ಪಾಲು ಅರ್ಧ ದಾಟಿತು, ನಾಲ್ಕೇ ದಿನಕ್ಕೆ ಶೇ 75 ಮುಟ್ಟಿತು. ಬ್ರಿಟಿಷ್ ಕಂಪನಿ ಕಾನೂನಿನಲ್ಲಿ ವಿಶೇಷ ನಿರ್ಣಯಕ್ಕೆ ಬೇಕಾದ ಬಹುಮತ ಅದೇ. ಅಷ್ಟಿದ್ದರೆ ಕಂಪನಿಯನ್ನು ಷೇರುಪೇಟೆಯಿಂದ ಹೊರತಂದು ಖಾಸಗಿ ಮಾಡಿ ಸಾಲವನ್ನು ಅದರ ಆಸ್ತಿಗೆ ಕಟ್ಟಬಹುದು. ಶೇ 25ಕ್ಕಿಂತ ಹೆಚ್ಚು ಷೇರು ಒಟ್ಟಾಗಿ ನಿಂತಿದ್ದರೆ ಆ ನಿರ್ಣಯ ಬೀಳುತ್ತಿತ್ತು. ಬೇಸತ್ತ ಕೆಲವರು ಅದೇ ವರ್ಷ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಕಟ್ಟಿದರು. ಅಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ.

ಇಂಥ ವ್ಯವಹಾರ ಆಗಿದೆಯೇ ಎಂದು ತಿಳಿಯಲು ಪತ್ರಿಕೆಯ ಊಹೆ ಬೇಕಿಲ್ಲ. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿ ಕಂಪನೀಸ್ ಹೌಸ್‌ನ ದಾಖಲೆಗಳು ಉಚಿತ. ಬೆಂಗಳೂರಿನಲ್ಲಿ ಕೂತು ಪ್ರೀಮಿಯರ್ ಲೀಗ್ ನೋಡುವವರೂ ಮೊಬೈಲಿನಲ್ಲೇ ತೆರೆಯಬಹುದು. ಕ್ಲಬ್ಬಿನ ಕಂಪನಿಯನ್ನಷ್ಟೇ ನೋಡಿದರೆ ಸಾಲದು. ಅದರ ಮೇಲಿನ ಮಾತೃ ಕಂಪನಿ, ಅದರ ಮೇಲಿನದು, ಹೀಗೆ ಏಣಿ ಹತ್ತುತ್ತ ಹೋಗಬೇಕು. ಶೇ 25ಕ್ಕಿಂತ ಹೆಚ್ಚು ಹಿಡಿತ ಇರುವವರ ಪಟ್ಟಿ ಪ್ರತಿ ಮೆಟ್ಟಿಲಲ್ಲೂ ಇರುತ್ತದೆ. ಏಣಿ ಅಮೆರಿಕದ ಡೆಲವೇರ್ ರಾಜ್ಯಕ್ಕೆ ಅಥವಾ ಕೇಮನ್ ದ್ವೀಪಕ್ಕೆ ತಲುಪಿತೆಂದರೆ ಮುಂದೆ ಕಾಣುವುದು ಕಡಿಮೆ. ಆಮೇಲೆ 'ಚಾರ್ಜಸ್' ಪುಟ. ಆಸ್ತಿ ಅಡವಿಟ್ಟರೆ 21 ದಿನದೊಳಗೆ ನೋಂದಾಯಿಸಬೇಕು, ಇಲ್ಲವಾದರೆ ಕಂಪನಿ ಮುಳುಗಿದಾಗ ಸಾಲ ಕೊಟ್ಟವರ ಹಕ್ಕು ನಿಲ್ಲುವುದಿಲ್ಲ. ಹಾಗಾಗಿ ಅವರು ಆ ಗಡುವು ತಪ್ಪಿಸುವುದು ತೀರ ಅಪರೂಪ. ಕೈಬದಲಾದ ತಿಂಗಳೊಳಗೆ ಈ ಪುಟದಲ್ಲಿ ಹೊಸ ಹೆಸರು ಕಂಡರೆ ಆ ದಾಖಲೆ ಇಳಿಸಿಕೊಂಡು, ಅಡವಿಟ್ಟದ್ದು ಮೈದಾನವೋ, ಟಿವಿ ಹಕ್ಕಿನ ಹಣವೋ, ಆಟಗಾರರ ಮಾರಾಟದಿಂದ ಬರಬೇಕಾದ ಕಂತುಗಳೋ ಎಂದು ಓದಿ.

ವಾರ್ಷಿಕ ಲೆಕ್ಕಪತ್ರ ಬರುವುದು ತಡ. ಖಾಸಗಿ ಕಂಪನಿಗೆ ಒಂಬತ್ತು ತಿಂಗಳ ಅವಕಾಶವಿದೆ. ಬಂದಾಗ ಲಾಭ-ನಷ್ಟ ಆಮೇಲೆ ನೋಡಿದರಾಯಿತು, ಮೊದಲು ಟಿಪ್ಪಣಿಗಳಿಗೆ ಹೋಗಿ. 'ಗುಂಪಿನ ಕಂಪನಿಗಳಿಂದ ಬರಬೇಕಾದ ಮೊತ್ತ' ಎಂಬ ಸಾಲು ಹಠಾತ್ತನೆ ಊದಿಕೊಂಡಿದ್ದರೆ, ಕ್ಲಬ್ಬಿನ ಹಣ ಮಾತೃ ಕಂಪನಿಗೆ ಸಾಲವೆಂದು ಹೋಗಿದೆ, ಬಹುಶಃ ತನ್ನನ್ನು ಕೊಂಡವರ ಬಿಲ್ಲನ್ನು ತಾನೇ ತೀರಿಸಿದೆ. 2020ರ ಡಿಸೆಂಬರ್ 30ರಂದು ಇಂಗ್ಲೆಂಡಿನ ಬರ್ನ್ಲಿ ಕ್ಲಬ್ಬಿನ ಶೇ 84 ಪಾಲನ್ನು ಅಮೆರಿಕದ ಹೂಡಿಕೆ ಕಂಪನಿ ಎಎಲ್‌ಕೆ ಕ್ಯಾಪಿಟಲ್ ಕೊಂಡಿತು. ಅಲ್ಲಿಯವರೆಗೆ ಸಾಲವಿಲ್ಲದೆ, ಬ್ಯಾಂಕಿನಲ್ಲಿ ಕೈತುಂಬ ಹಣ ಇಟ್ಟುಕೊಂಡಿದ್ದ ಕ್ಲಬ್ ಅದು. ಮುಂದಿನ ಲೆಕ್ಕಪತ್ರದಲ್ಲಿ ನಗದು ಕರಗಿತ್ತು, ಸಾಲ ಬಂದು ಕೂತಿತ್ತು. ಕೆಳಗಿನ ಲೀಗಿಗೆ ಇಳಿದರೆ ಸಾಲದ ದೊಡ್ಡ ಭಾಗವನ್ನು ಬೇಗನೆ ಮರಳಿಸಬೇಕೆಂಬ ಷರತ್ತೂ ಟಿಪ್ಪಣಿಯಲ್ಲಿತ್ತು. 2022ರಲ್ಲಿ ಕ್ಲಬ್ ಇಳಿದೇ ಇಳಿಯಿತು. ಟಿವಿ ಹಣ ಕುಸಿಯುವ ಹೊತ್ತಿಗೇ ಸಾಲ ತೀರಿಸುವ ಗಡುವೂ ಬರುವುದು ಇಂಥ ಸಾಲಗಳ ಅತಿ ಅಪಾಯದ ಗುಣ. ಈ ಷರತ್ತು ಇದೆಯೇ ಎಂದು ಆಡಳಿತ ಮಂಡಳಿಯನ್ನು ಅಭಿಮಾನಿಗಳ ಸಂಘ ಲಿಖಿತವಾಗಿ ಕೇಳಬೇಕು.

ಇನ್ನು ಮೈದಾನ. ಕೊವೆಂಟ್ರಿ ಸಿಟಿಯನ್ನು 2007ರ ಡಿಸೆಂಬರಿನಲ್ಲಿ ಸಿಸು ಎಂಬ ಹೆಡ್ಜ್ ಫಂಡ್ ಕೊಂಡಿತು. ಊರಿನ ಹೊಸ ಸ್ಟೇಡಿಯಂ ನಗರ ಪಾಲಿಕೆ ಮತ್ತು ಒಂದು ದತ್ತಿ ಸಂಸ್ಥೆಯ ಕೈಯಲ್ಲಿತ್ತು; ಕ್ಲಬ್ ತನ್ನ ಪಾಲನ್ನು ಮೊದಲೇ ಮಾರಿಕೊಂಡು ಬಾಡಿಗೆದಾರನಾಗಿತ್ತು. 2012ರಲ್ಲಿ ಬಾಡಿಗೆ ಕಟ್ಟುವುದು ನಿಂತಿತು. ಜಗಳ ಬೆಳೆದು 2013ರಲ್ಲಿ ತವರಿನ ಪಂದ್ಯಗಳು ಮೂವತ್ತಕ್ಕೂ ಹೆಚ್ಚು ಮೈಲಿ ದೂರದ ನಾರ್ಥಾಂಪ್ಟನ್‌ಗೆ ಹೋದವು. ಫಂಡಿನ ಕೈಗೆ ದುಡ್ಡು ಕೊಡಲೊಪ್ಪದ ಅಭಿಮಾನಿಗಳು ಟಿಕೆಟ್ ಕೊಳ್ಳದೆ ಸ್ಟೇಡಿಯಂ ಹೊರಗಿನ ದಿಬ್ಬದ ಮೇಲೆ ನಿಂತು ಆಟ ನೋಡಿದರು. ಮರುವರ್ಷ ಕ್ಲಬ್ ಊರಿಗೆ ಮರಳಿತು, ಆದರೆ ಕೆಲವೇ ವಾರಗಳಲ್ಲಿ ಆ ಸ್ಟೇಡಿಯಂ ರಗ್ಬಿ ತಂಡವೊಂದರ ಪಾಲಾಯಿತು. ನೆಲ ಕೈತಪ್ಪಿದರೆ ಯಾವ ಮಾಲೀಕರು ಬಂದರೂ ಪೆಟ್ಟು ಬೀಳುವುದು ಊರಿನ ಜನಕ್ಕೇ.

ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಬೇಲಿ ಲಂಡನ್ನಿನ ಚೆಲ್ಸಿಯದು. ಅದರ ಸ್ಟೇಡಿಯಂ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಇರುವ ನೆಲ ಕ್ಲಬ್ಬಿನದಲ್ಲ. 1997ರಿಂದ ಅದು ಅಭಿಮಾನಿಗಳೇ ಷೇರುದಾರರಾಗಿರುವ ಚೆಲ್ಸಿ ಪಿಚ್ ಓನರ್ಸ್ ಕಂಪನಿಯ ಸ್ವತ್ತು. ಒಬ್ಬರ ಬಳಿ ಎಷ್ಟೇ ಷೇರು ಇದ್ದರೂ 100ಕ್ಕಿಂತ ಹೆಚ್ಚು ಮತವಿಲ್ಲ. ಕ್ಲಬ್ ಆ ನೆಲ ಬಿಟ್ಟರೆ 'ಚೆಲ್ಸಿ ಫುಟ್‌ಬಾಲ್ ಕ್ಲಬ್' ಎಂಬ ಹೆಸರನ್ನೂ ಬಿಡಬೇಕು. 2011ರಲ್ಲಿ ಅಂದಿನ ಮಾಲೀಕರು ನೆಲ ಕೊಳ್ಳಲು ಬಂದಾಗ ಶೇ 60ಕ್ಕೂ ಹೆಚ್ಚು ಮತ ಅವರ ಪರವಿತ್ತು. ಬೇಕಾಗಿದ್ದುದು ಶೇ 75, ಹಾಗಾಗಿ ಮಾರಾಟ ನಡೆಯಲಿಲ್ಲ. 2022ರಲ್ಲಿ ಕ್ಲಿಯರ್‌ಲೇಕ್ ಫಂಡ್ ಮತ್ತು ಟಾಡ್ ಬೋಲಿ ಗುಂಪು 250 ಕೋಟಿ ಪೌಂಡ್ ತೆತ್ತು ಕ್ಲಬ್ ಕೊಂಡಾಗಲೂ ನೆಲ ಅವರ ಕೈಗೆ ಹೋಗಲಿಲ್ಲ. ಕೈಗೆ ಸಿಕ್ಕ ಎರಡು ಹೋಟೆಲುಗಳನ್ನು ಮಾತ್ರ ತಮ್ಮದೇ ಇನ್ನೊಂದು ಕಂಪನಿಗೆ 7.65 ಕೋಟಿಗೆ ಮಾರಿ, ಆ ಹಣವನ್ನು ಕ್ಲಬ್ಬಿನ ಆದಾಯವೆಂದು ತೋರಿಸಿದರು.

ಮೈದಾನವನ್ನು ಸ್ಥಳೀಯ ಆಡಳಿತದಲ್ಲಿ 'ಸಮುದಾಯ ಮೌಲ್ಯದ ಆಸ್ತಿ' ಎಂದು ನೋಂದಾಯಿಸುವ ದಾರಿಯೂ ಇಂಗ್ಲೆಂಡಿನಲ್ಲಿದೆ. ಸ್ಥಳೀಯ ಮತದಾರರಾದ ಕನಿಷ್ಠ 21 ಜನರ ಕೂಟ ಅರ್ಜಿ ಹಾಕಬಹುದು, ಎಂಟು ವಾರದಲ್ಲಿ ತೀರ್ಮಾನ, ಐದು ವರ್ಷ ಮಾನ್ಯ. ಮಾರಾಟಕ್ಕೆ ಹೊರಟರೆ ಆರು ತಿಂಗಳ ತಡೆ ಸಿಗುತ್ತದೆ. ಅನೇಕರು ಇಲ್ಲೇ ಎಡವುತ್ತಾರೆ: ನೆಲದ ಬದಲು ನೆಲವಿರುವ ಕಂಪನಿಯ ಷೇರುಗಳನ್ನೇ ಮಾರಿದರೆ ಈ ತಡೆ ಅನ್ವಯಿಸುವುದಿಲ್ಲ. ಕ್ಲಬ್ಬುಗಳು ಕೈಬದಲಾಗುವುದು ಹೆಚ್ಚಾಗಿ ಷೇರುಗಳ ಮೂಲಕವೇ.

ಸಹಿ ಎಲ್ಲಿದೆಯೆಂದು ಹುಡುಕಿ ಒತ್ತಿದವರಲ್ಲಿ ಲಿವರ್‌ಪೂಲ್‌ನವರು ಮುಂದು. ಅಮೆರಿಕದ ಉದ್ಯಮಿಗಳಾದ ಹಿಕ್ಸ್ ಮತ್ತು ಜಿಲೆಟ್ 2007ರಲ್ಲಿ ಸಾಲ ಮಾಡಿ ಕೊಂಡ ಕ್ಲಬ್ಬದು. 2010ರಲ್ಲಿ ಸಾಲದ ಗಡುವು ಹತ್ತಿರವಾದಾಗ, ಹೊಸ ಸಾಲ ಕೊಡಬಹುದು ಎನಿಸಿದ ಸಂಸ್ಥೆಗಳಿಗೆ ಅಭಿಮಾನಿಗಳು ಇಮೇಲುಗಳ ಮಳೆ ಸುರಿಸಿದರು. ಹೊಸ ಸಾಲ ಹುಟ್ಟಲಿಲ್ಲ. ಅಕ್ಟೋಬರಿನಲ್ಲಿ ಲಂಡನ್ ಹೈಕೋರ್ಟಿನಲ್ಲಿ ಮಾಲೀಕರು ಸೋತು, ಕ್ಲಬ್ 30 ಕೋಟಿ ಪೌಂಡ್‌ಗೆ ಬೇರೆಯವರಿಗೆ ಹೋಯಿತು. ಜರ್ಮನಿಯಲ್ಲಿ 2024ರ ಆರಂಭದ ವಾರಗಳಲ್ಲಿ ಅಭಿಮಾನಿಗಳು ಟೆನಿಸ್ ಚೆಂಡುಗಳನ್ನೂ ಚಾಕೊಲೇಟ್ ನಾಣ್ಯಗಳನ್ನೂ ಮೈದಾನಕ್ಕೆ ಎಸೆದು ಪಂದ್ಯಗಳನ್ನು ನಿಲ್ಲಿಸಿದರು. ಟಿವಿ ಆದಾಯದ ಶೇ 8 ಪಾಲನ್ನು ಹೂಡಿಕೆದಾರರಿಗೆ ಕೊಡುವ ಯೋಜನೆಯನ್ನು ಫೆಬ್ರುವರಿ 21ರಂದು ಲೀಗ್ ಕೈಬಿಟ್ಟಿತು. ಅಲ್ಲಿ 50+1 ನಿಯಮದಿಂದಾಗಿ ಹೆಚ್ಚಿನ ಕ್ಲಬ್ಬುಗಳ ಮತ ಸದಸ್ಯರ ಹಿಡಿತದಲ್ಲೇ ಇದೆ. ಚೆಂಡುಗಳ ಹಿಂದೆ ಆ ಮತದ ಭಾರವಿತ್ತು.

ಇಂಗ್ಲೆಂಡಿನಲ್ಲಿ ಹೊಸ ಸಹಿಯೊಂದು ಈಗ ಸೇರಿದೆ. 2025ರ ಜುಲೈನಲ್ಲಿ ಅಂಗೀಕಾರವಾದ ಫುಟ್‌ಬಾಲ್ ಆಡಳಿತ ಕಾಯ್ದೆಯ ಪ್ರಕಾರ ಸ್ವತಂತ್ರ ನಿಯಂತ್ರಕರು ಹೊಸ ಮಾಲೀಕರ ಹಣದ ಮೂಲ ಪರಿಶೀಲಿಸಬೇಕು. ಸ್ಟೇಡಿಯಂ ಮಾರಲು ಅವರ ಒಪ್ಪಿಗೆ ಬೇಕು, ಲಾಂಛನ ಅಥವಾ ತವರಿನ ಬಣ್ಣ ಬದಲಿಸಲು ಅಭಿಮಾನಿಗಳ ಬೆಂಬಲ ಬೇಕು. ಮುಂದಿನ ಸಲ ನಿಮ್ಮ ಕ್ಲಬ್ ಕೈಬದಲಾದಾಗ ಚಾರ್ಜಸ್ ಪುಟದ ಪ್ರತಿ, ಮಾತೃ ಕಂಪನಿಗಳ ಏಣಿ ಮತ್ತು ನೆಲದ ನೋಂದಣಿ ದಾಖಲೆ, ಈ ಮೂರನ್ನೂ ಲಗತ್ತಿಸಿ ಪತ್ರ ಕಳಿಸಬೇಕಾದ ವಿಳಾಸ ಆ ನಿಯಂತ್ರಕರದು.